ಮೊಲದ ಬೇಲಿಗೆ ಎಂಥ ನೆಲ? ಮೊದಲು ಜುಲೈ ತಿಂಗಳನ್ನು ನೆನೆಸಿಕೊಳ್ಳಿ

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮದು ಒಂದು ಬೆಡ್‌ರೂಮಿನ ಫ್ಲ್ಯಾಟು. ಎಂಟು ತಿಂಗಳ ಹಿಂದೆ ಮಗಳ ಹಟಕ್ಕೆ ಎರಡು ಮೊಲ ತಂದೆವು. ಅಂಗಡಿಯವರೇ ಕೊಟ್ಟ ತಂತಿ ಪಂಜರದಲ್ಲಿ ಇಷ್ಟು ದಿನ ಇದ್ದವು. ಈಗ ನೋಡಿದರೆ ಎರಡರದ್ದೂ ಹಿಂಗಾಲಿನ ಅಡಿ ಕೂದಲು ಹೋಗಿ ಚರ್ಮ ಕಾಣುತ್ತಿದೆ, ಒಂದಕ್ಕೆ ಕೆಂಪಾಗಿದೆ. ಅದಕ್ಕೇ ಹಾಲ್‌ನ ಮೂಲೆಯಲ್ಲಿ 6 ಅಡಿ ಉದ್ದ, 4 ಅಡಿ ಅಗಲದ ಬೇಲಿ ನಾವೇ ಕಟ್ಟುತ್ತಿದ್ದೇವೆ. ಕೆಳಗೆ ವಿಟ್ರಿಫೈಡ್ ಲಾದಿ (ಟೈಲ್ಸ್) ಇದೆ. ಅದರ ಮೇಲೆ ಏನು ಹಾಸಬೇಕು? ನಮ್ಮ ಯಜಮಾನರು ಪ್ಲೈವುಡ್ ಹೊಡೆಸೋಣ ಅಂತಾರೆ. ಅಂಗಡಿಯವರು ಮಕ್ಕಳ ಫೋಮ್ ಮ್ಯಾಟ್ ಹಾಕಿ ಅಂತಾರೆ. ಅತ್ತೆಯವರು ಗೋಣಿಚೀಲ ಸಾಕು, ಇಲ್ಲದಿದ್ದರೆ ವಿಜಯಪುರದಿಂದ ತಂದ ಹಳೇ ಕೌದಿ ಇದೆಯಲ್ಲ ಅಂತಾರೆ. ವಾಸನೆ ಬರುತ್ತದೆ ಎಂದು ಪಕ್ಕದ ಮನೆಯವರು ಸೊಸೈಟಿ ಸೆಕ್ರೆಟರಿಗೆ ಆಗಲೇ ಒಂದು ಮಾತು ಹಾಕಿದ್ದಾರೆ.

ಉತ್ತರ: ಬೇಲಿ ಮುಗಿಯುವವರೆಗೆ ಕಾಯಬೇಡಿ. ಆ ತಂತಿ ಪಂಜರದಿಂದ ಅವನ್ನು ಇವತ್ತೇ ಹೊರಗೆ ತೆಗೆಯಿರಿ. ಜಾಗವೇ ಇಲ್ಲವೆಂದರೆ ಪಂಜರದೊಳಗೆ ದಪ್ಪ ರಟ್ಟು ಹಾಕಿ, ಮೇಲೆ ಹಳೇ ಟವೆಲ್ ಮಡಿಸಿ ಹಾಸಿ. ಎರಡು ದಿನಕ್ಕೆ ಅಷ್ಟು ಸಾಕು.

ಇಷ್ಟು ಅವಸರ ಯಾಕೆಂದರೆ, ನಾಯಿ ಬೆಕ್ಕುಗಳ ಪಾದದಡಿ ಇರುವ ಮೆತ್ತನೆಯ ಗದ್ದುಗೆ ಮೊಲಕ್ಕೆ ಇಲ್ಲ. ಅದರ ಅಂಗಾಲೆಂದರೆ ತೆಳುವಾದ ಚರ್ಮ, ಅದರ ಮೇಲೆ ಒತ್ತಾದ ಕೂದಲು, ಅಷ್ಟೇ. ಮಣ್ಣಿನ ಮೇಲೆ ಕೂತಾಗ ಉಗುರು ನೆಲದಲ್ಲಿ ಇಳಿಯುತ್ತದೆ, ಬೆರಳುಗಳು ಹಿಡಿತಕ್ಕೆ ಬರುತ್ತವೆ, ಮೈಭಾರ ಪಾದದುದ್ದಕ್ಕೂ ಹಂಚಿಹೋಗುತ್ತದೆ. ಗಟ್ಟಿ ನೆಲದಲ್ಲಿ ಉಗುರು ಇಳಿಯುವುದಿಲ್ಲ. ಬೆರಳು ಮೇಲೆದ್ದು ಭಾರವೆಲ್ಲ ಹಿಂದಕ್ಕೆ, ಹಿಮ್ಮಡಿಯ ಒಂದೇ ಬಿಂದುವಿಗೆ ಬೀಳುತ್ತದೆ. ತಂತಿಯ ಮೇಲಂತೂ ಆ ಬಿಂದುವಿಗೆ ತಂತಿಯೇ ಒತ್ತುತ್ತಿರುತ್ತದೆ. ಮೊದಲು ಕೂದಲು ಸವೆಯುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಇದಕ್ಕೆ ವೈದ್ಯರು ಸೋರ್ ಹಾಕ್ಸ್ ಅನ್ನುತ್ತಾರೆ. ನಾವು ಹಿಮ್ಮಡಿ ಹುಣ್ಣು ಅನ್ನೋಣ. ಒಡೆದ ಜಾಗದಲ್ಲಿ ಕೀವು ಕಟ್ಟಿ ಮೂಳೆಗೆ ಇಳಿದರೆ ವಾಸಿ ಮಾಡುವುದು ಬಹಳ ಕಷ್ಟ. ನಿಮ್ಮವುಗಳಲ್ಲಿ ಒಂದು ಮೊದಲ ಮೆಟ್ಟಿಲಿನಲ್ಲಿದೆ, ಕೆಂಪಾದದ್ದು ಎರಡನೆಯದರಲ್ಲಿದೆ. ನೆಲ ಬದಲಿಸಿದರೆ ಹಿಂದಕ್ಕೆ ಬರುತ್ತವೆ.

ಹಾಗೆಂದು ಪಂಜರ ಬಿಟ್ಟು ಬರೀ ಲಾದಿಯ ಮೇಲೆ ಬಿಟ್ಟರೆ ಇನ್ನೊಂದು ತೊಂದರೆ. ವಿಟ್ರಿಫೈಡ್ ಲಾದಿ ಕನ್ನಡಿ ಇದ್ದ ಹಾಗೆ, ಕೂದಲು ತುಂಬಿದ ಅಂಗಾಲು ಅದರ ಮೇಲೆ ಜಾರುತ್ತದೆ. ಹಿಂಗಾಲು ಎರಡು ಕಡೆಗೆ ಚಾಚಿಕೊಂಡು, ಮೊಲ ಗೋಡೆ ಪಕ್ಕದಲ್ಲೇ ಅಂಟಿಕೊಂಡು ಕೂರುವುದನ್ನು ನೀವು ನೋಡಿರಬಹುದು. ಎಷ್ಟೋ ಜನ ಅದನ್ನು ಸಾಧು ಸ್ವಭಾವ ಅಂದುಕೊಳ್ಳುತ್ತಾರೆ. ಸಾಧುವಲ್ಲ, ನೆಲಕ್ಕೆ ಹೆದರಿದೆ. ಮೊಲದ ಎಲುಬಿನ ಗೂಡು ಮೈತೂಕದ 7-8 ಶೇಕಡ ಮಾತ್ರ, ಆದರೆ ಹಿಂಗಾಲಿನ ಸ್ನಾಯು ಅದಕ್ಕೆ ಮೀರಿದ ಬಲದ್ದು. ಕುಕ್ಕರ್ ಸೀಟಿಗೆ ಬೆಚ್ಚಿ ಜೋರಾಗಿ ಒದ್ದು ಜಾರಿದರೆ ಸೊಂಟದ ಹತ್ತಿರ ಬೆನ್ನೆಲುಬೇ ಮುರಿಯುವುದುಂಟು. ಆದ್ದರಿಂದ ನೆಲಕ್ಕೆ ಮೆತ್ತಗಿರುವುದು ಎಷ್ಟು ಮುಖ್ಯವೋ ಹಿಡಿತವೂ ಅಷ್ಟೇ ಮುಖ್ಯ.

ಈಗ ನಿಮ್ಮ ಮನೆಯ ಮೂರು ಸಲಹೆಗಳಿಗೆ ಬರೋಣ. ಅದಕ್ಕೂ ಮೊದಲು ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ನೀವು ಓದುವ ಸಲಹೆಗಳೆಲ್ಲ ಒಣ ಹವೆಯ, ಚಳಿ ದೇಶದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಕಾರ್ಪೆಟ್ ಹಾಸು ಅಂದರೆ ನಡೆಯುತ್ತದೆ. ನಮ್ಮಲ್ಲಿ ಜೂನ್ ಎರಡನೇ ವಾರ ಮಳೆ ಶುರುವಾದರೆ ನವರಾತ್ರಿ ಹತ್ತಿರ ಬರುವವರೆಗೆ ಒಳಗಿನ ಬನಿಯನ್ನೇ ಎರಡು ದಿನ ಒಣಗುವುದಿಲ್ಲ. ಅದಕ್ಕೆ ಯಾವ ಹಾಸು ತೋರಿಸಿದರೂ ನಾನು ಕೇಳುವುದು ಒಂದೇ: ಜುಲೈನಲ್ಲಿ ಇದನ್ನು ಒಗೆದರೆ, ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುತ್ತದೆಯೇ? ಒಣಗದಿದ್ದರೆ, ಮೊಲಕ್ಕೆ ಎಷ್ಟು ಹಿತವಾಗಿದ್ದರೂ ಮುಂಬೈಗೆ ಅದು ಆಗುವುದಿಲ್ಲ. ಪುಣೆಯಲ್ಲಿ ಸ್ವಲ್ಪ ಸಡಿಲ ಬಿಡಬಹುದು, ಅಲ್ಲಿನ ವರ್ಷದ ಮಳೆ ಮುಂಬೈನ ಮೂರನೇ ಒಂದು ಭಾಗದಷ್ಟು. ಗೋವಾದವರು ಇನ್ನೂ ಬಿಗಿ ಹಿಡಿಯಬೇಕು.

ಪ್ಲೈವುಡ್. ಯಜಮಾನರ ಯೋಚನೆ ತಪ್ಪಲ್ಲ, ಲಾದಿಯ ಮೇಲೆ ಮರ ಬಂದರೆ ಗಟ್ಟಿಯಾಗಿ, ಸಮವಾಗಿ ನಿಲ್ಲುತ್ತದೆ. ಆದರೆ ಮೊಲದ ಮೂತ್ರ ಮೇಲಿಂದ ಇಳಿಯುವುದಕ್ಕಿಂತ ಹೆಚ್ಚಾಗಿ ಅಂಚಿನಿಂದ ಒಳಗೆ ಸೇರುತ್ತದೆ. ಪ್ಲೈ ಅಂದರೆ ಪದರ ಪದರ, ಕತ್ತರಿಸಿದ ಅಂಚು ಬತ್ತಿಯ ಹಾಗೆ ನೀರು ಹೀರುತ್ತದೆ. ಕಮರ್ಷಿಯಲ್ ಪ್ಲೈ ಒಂದು ಮಳೆಗಾಲಕ್ಕೆ ಉಬ್ಬಿ ಪದರ ಬಿಡುತ್ತದೆ. 710 ನಂಬರಿನ ಮರೀನ್ ಪ್ಲೈ ತಡೆದುಕೊಳ್ಳುತ್ತದೆ, ಆದರೆ ಅದರ ಮೇಲೂ ಏನಾದರೂ ಹಾಸಲೇಬೇಕು. ಸನ್‌ಮೈಕ ಅಂಟಿಸಿದರೆ ಮತ್ತೆ ಲಾದಿಯಷ್ಟೇ ಜಾರು. ಕೆಳಗೆ ರೀಪು ಹೊಡೆದು ಎತ್ತರಿಸಿದರೆ ಆ ಸಂದಿಯಲ್ಲಿ ಜಿರಳೆ ಸಂಸಾರ ಹೂಡುತ್ತದೆ. ನಾನೂ ಒಮ್ಮೆ ಹೀಗೇ ಮಾಡಿದವನು. ಪ್ಲೈ ಮೇಲೆ ವಿನೈಲ್ ಶೀಟು ಹಾಕಿ ಸುತ್ತಲೂ ಅಂಟು ಟೇಪು ಬಿಗಿದು, ಆಹಾ ಎಷ್ಟು ಚಂದ ಎಂದು ಫೋಟೊ ಕೂಡ ತೆಗೆದಿದ್ದೆ. ಆಗಸ್ಟಿನಲ್ಲಿ ಒಂದು ಮೂಲೆ ಎತ್ತಿ ನೋಡಿದರೆ ಕೆಳಗೆಲ್ಲ ಕಪ್ಪು ಬೂಷ್ಟು. ಮೊಲ ಎರಡು ವಾರದಿಂದ ಸೀನುತ್ತಿತ್ತು, ನಾನು ಹುಲ್ಲಿನ ಧೂಳನ್ನು ಬೈಯುತ್ತಿದ್ದೆ. ನಿಮಗೆ ಪ್ಲೈ ಬೇಡ. ನೀರಿಗೆ ಜಗ್ಗದ ಗಟ್ಟಿ ತಳ ನಿಮ್ಮ ಮನೆಯಲ್ಲಿ ಆಗಲೇ ಇದೆ, ಅದು ಆ ಲಾದಿಯೇ.

ಫೋಮ್ ಮ್ಯಾಟ್ ಬಗ್ಗೆ ನನ್ನದು ಸ್ವಲ್ಪ ಕಟುವಾದ ಮಾತು. ಮೆತ್ತಗಿರುತ್ತದೆ, ಜಾರುವುದಿಲ್ಲ, ಬಣ್ಣ ಬಣ್ಣದ್ದು, ಎಲ್ಲ ಸರಿ. ಆದರೆ ಮೊಲದ ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ, ಸಿಕ್ಕಿದ್ದನ್ನು ಕಚ್ಚುವುದು ಅದರ ಹುಟ್ಟುಗುಣ. ಆ ಮ್ಯಾಟಿಗೆ ಸುತ್ತಲೂ ಹಲ್ಲು ಹಲ್ಲಾದ ಅಂಚು, ಕಚ್ಚಲೆಂದೇ ಮಾಡಿಟ್ಟ ಹಾಗೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ ಫೋಮ್ ಚೂರು ಮುಂದಕ್ಕೆ ಹೋದರೆ ಹೋಯಿತು, ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್, ಅದಕ್ಕೂ ಮೊದಲೇ ಪ್ರಾಣ ಹೋಗುವುದೂ ಉಂಟು. ಬಾಲ್ಕನಿಗೆ ಹಾಸುವ ಪ್ಲಾಸ್ಟಿಕ್ ಹುಲ್ಲಿಗೂ ಇದೇ ಮಾತು. ನೋಡಲು ಹುಲ್ಲು, ಮೊಲವೂ ಹುಲ್ಲೆಂದೇ ತಿನ್ನುತ್ತದೆ. ರಬ್ಬರು ಬೆನ್ನಿನ ಕಾಲೊರಸು, ನಾರಿನ ಮ್ಯಾಟು, ಗುಂಗುರು ಗುಂಗುರಾದ ನೈಲಾನ್ ಕಾರ್ಪೆಟ್ ಯಾವುದೂ ಬೇಡ.

ಇನ್ನು ಅತ್ತೆಯವರ ಎರಡು ಮಾತು. ಗೋಣಿಚೀಲ ಒಪ್ಪುವುದಿಲ್ಲ. ಈಗಾಗಲೇ ಕೆಂಪಾದ ಹಿಮ್ಮಡಿಗೆ ಸೆಣಬಿನ ನೇಯ್ಗೆ ಉಜ್ಜುಕಾಗದ ಇದ್ದ ಹಾಗೆ. ಎಳೆ ಬಿಚ್ಚಿಕೊಂಡರೆ ಉದ್ದ ದಾರವಾಗಿ ಹೊಟ್ಟೆಗೆ ಹೋಗುತ್ತದೆ ಅಥವಾ ಕಾಲಿಗೆ ಸುತ್ತಿಕೊಳ್ಳುತ್ತದೆ. ಆ ಚೀಲದಲ್ಲಿ ಹಿಂದೆ ಏನಿತ್ತು, ಯಾವ ಹುಳದ ಔಷಧಿ ಹೊಡೆದಿದ್ದರು ಎಂಬುದೂ ಯಾರಿಗೂ ತಿಳಿಯದು.

ಕೌದಿಗೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ, ಒಂದು ಷರತ್ತಿನ ಮೇಲೆ. ಹಳೇ ಹತ್ತಿ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಸಣ್ಣ ಹೊಲಿಗೆ ಹಾಕಿದ ಕೌದಿಗಿಂತ ಒಳ್ಳೆಯ ಮೊಲದ ನೆಲವನ್ನು ಯಾವ ಕಂಪನಿಯೂ ಮಾಡಿಲ್ಲ. ಮೆತ್ತಗಿದೆ, ಉಗುರು ಹಿಡಿತಕ್ಕೆ ಬರುತ್ತದೆ, ಹತ್ತಿಯಾದ್ದರಿಂದ ಒಂದಿಷ್ಟು ಎಳೆ ನುಂಗಿದರೂ ಫೋಮಿನಷ್ಟು ಅಪಾಯವಿಲ್ಲ. ಷರತ್ತು ಏನೆಂದರೆ, ಅದು ಚಳಿಗಾಲ, ಬೇಸಿಗೆಗೆ ಮಾತ್ರ. ದೀಪಾವಳಿಯಿಂದ ಮೇ ತನಕ ಹಾಸಿ. ಮಳೆಗಾಲದಲ್ಲಿ ಒದ್ದೆ ಕೌದಿಯನ್ನು ಎತ್ತಿ ನೋಡಿದವರಿಗೆ ಗೊತ್ತು, ಇಬ್ಬರು ಹಿಂಡಬೇಕು, ಮೂರು ದಿನವಾದರೂ ಒಳಪದರ ಹಸಿಯೇ. ಮೇಲೆ ಒಣಗಿದ ಹಾಗೆ ಕಂಡು ಒಳಗೆ ಬೂಷ್ಟು ಹಿಡಿಯುತ್ತದೆ. ಮೇ ಕೊನೆಗೆ ಒಗೆದು, ಕೆಂಡದಂಥ ಬಿಸಿಲಿಗೆ ಹಾಕಿ, ಕಪಾಟಿನಲ್ಲಿಡಿ. ಅಂಚಿನ ಹೊಲಿಗೆ ಬಿಚ್ಚಿದ್ದರೆ, ಕುಚ್ಚು ಇದ್ದರೆ ಅದನ್ನು ಕತ್ತರಿಸಿ ಹೊಲಿದೇ ಹಾಸಬೇಕು. ಮತ್ತೆ, ಅಜ್ಜಿಯ ಕೈಹೊಲಿಗೆಯದ್ದಾದರೆ ದಯವಿಟ್ಟು ಹಾಸಬೇಡಿ. ಮೊಲಕ್ಕೆ ನೆನಪಿನ ಬೆಲೆ ತಿಳಿಯದು, ತಿಂಗಳೊಳಗೆ ತೂತು ಬೀಳುತ್ತದೆ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಹಾಸುತ್ತಿದ್ದೆ?

ಲಾದಿಯ ಮೇಲೆ ಮೊದಲು ವಿನೈಲ್ ಶೀಟು, ಅಂಗಡಿಯಲ್ಲಿ ಪಿವಿಸಿ ಕಾರ್ಪೆಟ್ ಎಂದು ರೋಲಿನಲ್ಲಿ ಮಾರುತ್ತಾರಲ್ಲ, ಅದು. ಬೆನ್ನಿಗೆ ಬಟ್ಟೆ ಅಥವಾ ಉಣ್ಣೆಯಂಥ ಪದರ ಇರುವುದನ್ನು ಬಿಡಿ, ಅದು ನೀರು ಕುಡಿಯುತ್ತದೆ. ಎರಡೂ ಕಡೆ ಪ್ಲಾಸ್ಟಿಕ್ ಇರುವುದೇ ಬೇಕು. ನಿಮ್ಮ ಬೇಲಿ 6 ಅಡಿಗೆ 4 ಅಡಿ, ಶೀಟು 7 ಅಡಿಗೆ 5 ಅಡಿ ಇರಲಿ, ಒಂದೇ ತುಂಡು. ಸುತ್ತಲೂ ಅರ್ಧ ಅಡಿ ಬೇಲಿಯಿಂದ ಹೊರಗೆ ಬರಬೇಕು. ಗೋಡೆಯ ಕಡೆ ಆ ಅರ್ಧ ಅಡಿಯನ್ನು ಮೇಲಕ್ಕೆ ಮಡಚಿ, ಬೇಲಿಯನ್ನು ಅದರ ಮುಂದೆ ನಿಲ್ಲಿಸಿ. ಇದರಿಂದ ಎರಡು ಲಾಭ. ಕಚ್ಚಲು ಅಂಚೇ ಮೊಲದ ಬಾಯಿಗೆ ಸಿಗುವುದಿಲ್ಲ. ಮೂತ್ರ ಲಾದಿಯ ಸಂದಿಗೆ ಇಳಿಯುವುದಿಲ್ಲ. ಲಾದಿ ತೊಳೆದರೆ ಹೋಗುತ್ತದೆ, ಸಂದಿನ ಸಿಮೆಂಟು ಹೀರಿಕೊಂಡದ್ದು ಮಾತ್ರ ವರ್ಷಗಟ್ಟಲೆ ನಾರುತ್ತದೆ. ನಿಮ್ಮ ಪಕ್ಕದ ಮನೆಯವರ ಮೂಗಿಗೆ ಬಡಿದದ್ದು ಬಹುಶಃ ಅದೇ. ಶೀಟನ್ನು ಅಂಟಿಸಬೇಡಿ, ಟೇಪು ಬೇಡ. ವಾರಕ್ಕೊಮ್ಮೆ ಎತ್ತಿ, ಅಡಿಯಲ್ಲಿ ಒರೆಸಿ, ಒಂದು ಗಂಟೆ ಗಾಳಿಗೆ ಬಿಡಬೇಕು.

ವಿನೈಲ್ ಮೇಲೆ ತೆಳುವಾದ ಹತ್ತಿಯ ಜಮಖಾನೆ. ಇಲ್ಲಿಯವರು ಸತರಂಜಿ ಅನ್ನುತ್ತಾರೆ, ದಾದರಿನಲ್ಲಿ ಕೇಳಿದರೂ ಕಲ್ಯಾಣದಲ್ಲಿ ಕೇಳಿದರೂ ಸಿಗುತ್ತದೆ. ಹೊಸ ನವಲಗುಂದದ ಜಮಖಾನೆ ಬೇಡ ಮತ್ತೆ, ಅದು ನೆಂಟರು ಬಂದಾಗ ಹಾಸುವಂಥದ್ದು. ಅಗ್ಗದ್ದು, ತೆಳ್ಳಗಿನದು, ಮಶೀನಿಗೆ ಹಾಕುವಂಥದ್ದು ತನ್ನಿ. ಮಳೆಗಾಲಕ್ಕೆ ಮೂರು ಬೇಕೇ ಬೇಕು, ನೆಲದ ಮೇಲೆ ಒಂದು, ಒಗೆಯಲು ಒಂದು, ಫ್ಯಾನಿನ ಕೆಳಗೆ ಒಂದು. ಎರಡರಲ್ಲಿ ನಿಭಾಯಿಸುತ್ತೇನೆ ಎಂದವರು ಜುಲೈ ಮೂರನೇ ವಾರಕ್ಕೆ ಹಸಿಯದ್ದನ್ನೇ ಹಾಸಿರುತ್ತಾರೆ. ಅಂಚನ್ನು ಬೇಲಿಯ ಕಾಲಿನ ಅಡಿಗೆ ಸಿಕ್ಕಿಸಿದರೆ ಜಮಖಾನೆ ಸರಿಯುವುದಿಲ್ಲ, ಕಚ್ಚಲೂ ಸಿಗುವುದಿಲ್ಲ.

ಮಲಗುವ ಮೂಲೆಯಲ್ಲಿ ಮಾತ್ರ ಜಮಖಾನೆಯ ಅಡಿಗೆ ಹಳೇ ಸ್ನಾನದ ಟವೆಲ್ ಎರಡು ಮಡಿಕೆ ಇಡಿ. ಈಗ ಹಿಮ್ಮಡಿ ಕೆಂಪಾಗಿರುವುದರಿಂದ ಒಂದೆರಡು ತಿಂಗಳು ಅಲ್ಲಿ ಮೇಲೆ ಒಣಹುಲ್ಲೂ ಎರಡು ಬೆರಳು ದಪ್ಪ ಹರಡಿ. ತಿನ್ನಲಿ, ಮಲಗಲಿ. ಹಾಸು ಸಾಕೇ ಎಂದು ತಿಳಿಯಲು ಸುಲಭದ ಉಪಾಯವಿದೆ. ನೀವೇ ಸೀರೆ ಸ್ವಲ್ಪ ಮೇಲೆತ್ತಿ ಬರಿ ಮೊಣಕಾಲಲ್ಲಿ ಅಲ್ಲಿ ಎರಡು ನಿಮಿಷ ಕೂತು ನೋಡಿ. ನಿಮಗೆ ಒತ್ತಿದರೆ ದಿನವಿಡೀ ಕೂರುವ ಮೊಲಕ್ಕೂ ಒತ್ತುತ್ತದೆ. ಆಮೇಲೆ ಅಂಗೈ ಊರಿ ಹತ್ತು ಎಣಿಸಿ ಎತ್ತಿ. ಅಂಗೈ ತಣ್ಣಗೆ ತೇವವಾಗಿದ್ದರೆ ಬದಲಿಸುವ ಹೊತ್ತಾಗಿದೆ.

ಒಂದು ಕಡೆ, ಒಂದೂವರೆ ಅಡಿ ಚೌಕದಷ್ಟು, ಜಮಖಾನೆ ಹಾಸದೆ ಬರೀ ವಿನೈಲ್ ಬಿಡಿ. ಅದು ಬೇಸಿಗೆಗೆ. ಮೊಲ ಬೆವರುವುದಿಲ್ಲ, ನಾಯಿಯ ಹಾಗೆ ನಾಲಿಗೆ ಚಾಚಿ ತಣಿಯುವ ಶಕ್ತಿಯೂ ಇಲ್ಲ. ಕಿವಿಯ ಮೂಲಕವೇ ಶಾಖ ಹೊರಹೋಗಬೇಕು. 30 ಡಿಗ್ರಿ ಮೇಲೆ ಸೆಕೆಯೂ ಸೇರಿದರೆ ಅದಕ್ಕೆ ನಿಜವಾದ ಅಪಾಯ. ಏಪ್ರಿಲ್, ಮೇ ಅಷ್ಟೇ ಅಲ್ಲ, ಅಕ್ಟೋಬರಿನ ಉರಿಯಲ್ಲೂ ಅದು ತಾನಾಗಿ ಬಂದು ಹೊಟ್ಟೆ ಚಾಚಿ ಆ ತಣ್ಣನೆಯ ಜಾಗದಲ್ಲಿ ಮಲಗುತ್ತದೆ. ಕಲ್ಲಿನ ಅಂಗಡಿಯಲ್ಲಿ ಒಂದು ಒರಟು ಲಾದಿಯ ತುಂಡು ಸಿಕ್ಕರೆ ವಿನೈಲ್ ಮೇಲೆ ಇಟ್ಟುಬಿಡಿ, ಇನ್ನೂ ಒಳ್ಳೆಯದು.

ಇಷ್ಟೆಲ್ಲ ಹೇಳಿದರೂ, ನೆಲ ಒಣಗಿರುವುದು ಹಾಸಿನಿಂದಲ್ಲ, ಟ್ರೇಯಿಂದ. ಮೊಲಕ್ಕೆ ಒಂದು ಒಳ್ಳೆಯ ಗುಣವಿದೆ, ಉಚ್ಚೆಯನ್ನು ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಹೊಯ್ಯುತ್ತದೆ, ಅದೂ ಹುಲ್ಲು ತಿನ್ನುತ್ತಾ. ಮೂಲೆ ಯಾವುದೆಂದು ಅದೇ ಆರಿಸಲಿ, ಮೂರು ದಿನ ನೋಡಿ, ಅಲ್ಲೇ ಟ್ರೇ ಇಡಿ. ಅಂಗಡಿಯ ತ್ರಿಕೋನದ ಪುಟ್ಟ ಟ್ರೇ ಕೆಲಸಕ್ಕೆ ಬಾರದು, ಮೊಲದ ಮುಂಭಾಗ ಒಳಗೆ, ಹಿಂಭಾಗ ಹೊರಗೆ. ಮಂಚದಡಿಗೆ ತಳ್ಳುವ ಅಗಲದ ಪ್ಲಾಸ್ಟಿಕ್ ಡಬ್ಬದ ತಳ ಅಥವಾ ಗಾರೆ ಕೆಲಸದವರ ದೊಡ್ಡ ಪ್ಲಾಸ್ಟಿಕ್ ಘಮೇಲಾ ತನ್ನಿ. ಎರಡು ಮೊಲಕ್ಕೆ ಎರಡು. ತಳಕ್ಕೆ ಮಡಿಸಿದ ಪೇಪರು ಅಥವಾ ಒತ್ತಿದ ಮರದ ಗುಳಿಗೆ ಒಂದು ಅಂಗುಲ, ಅದರ ಮೇಲೆ ಒಂದು ಹಿಡಿ ಹುಲ್ಲು, ಪಕ್ಕದಲ್ಲೇ ತಿನ್ನುವ ಹುಲ್ಲಿನ ರಾಶಿ. ದಿನಕ್ಕೊಮ್ಮೆ ಖಾಲಿ ಮಾಡಿ, ಮಳೆಗಾಲದಲ್ಲಿ ಎರಡು ಸಲ. ಪಕ್ಕದ ಓಣಿಯ ಬಡಗಿ ಗರಗಸದ ಹೊಟ್ಟು ಪುಕ್ಕಟೆ ಕೊಡುತ್ತೇನೆ ಎಂದಾನು. ಬೇಡವೆನ್ನಿ. ಅದರಲ್ಲಿ ಪ್ಲೈ ಪುಡಿ, ಎಂಡಿಎಫ್ ಪುಡಿ, ಅಂಟು ಎಲ್ಲ ಸೇರಿರುತ್ತದೆ, ಹಸಿ ಪೈನ್ ಮರದ ಘಾಟು ಮೊಲದ ಯಕೃತ್ತಿಗೆ ಒಳ್ಳೆಯದಲ್ಲ. ಬೆಕ್ಕಿನ ಮರಳೂ ಬೇಡ, ಒದ್ದೆಯಾದರೆ ಗಂಟು ಕಟ್ಟುವ ಜೇಡಿ ಅದು, ನಾಲಿಗೆಗೆ ಅಂಟಿ ಹೊಟ್ಟೆಗೆ ಹೋದರೆ ಅಲ್ಲೂ ಗಂಟೇ ಕಟ್ಟುತ್ತದೆ.

ಹಿಕ್ಕೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಒಣ ಗೋಲಿ, ಗುಡಿಸಿದರೆ ಹೋಯಿತು. ಆದರೆ ಎಲ್ಲೆಂದರಲ್ಲಿ ಉಚ್ಚೆ ಸಿಂಪಡಿಸುತ್ತಿದ್ದರೆ ಅದು ನೆಲದ ಸಮಸ್ಯೆ ಅಲ್ಲ, ವಯಸ್ಸಿನದು. ನಿಮ್ಮವಕ್ಕೆ ಎಂಟು ತಿಂಗಳು ದಾಟಿದೆ, ಸಂತಾನಹರಣ ಆಗಿಲ್ಲವೆಂದರೆ ಎಂಥ ನೆಲ ಹಾಸಿದರೂ ಗುರುತು ಹಾಕುವುದನ್ನು ಬಿಡುವುದಿಲ್ಲ. ಅಂದ ಹಾಗೆ, ಎರಡೂ ಹೆಣ್ಣೇ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಕೂತಿಲ್ಲ ತಾನೆ? ಒಮ್ಮೆ ವೈದ್ಯರಿಗೆ ತೋರಿಸಿ. ಮೊಲದ ಗರ್ಭ ಸುಮಾರು 31 ದಿನದ್ದು.

ವಾಸನೆಯ ವಿಷಯ ಬಿಡಿಸಿ ಹೇಳಲೇಬೇಕು, ಸೆಕ್ರೆಟರಿಯವರ ಕಿವಿಗೆ ಬಿದ್ದಿದೆಯಲ್ಲ. ಹೊಸ ಉಚ್ಚೆಗೆ ಅಷ್ಟೇನೂ ವಾಸನೆ ಇರುವುದಿಲ್ಲ. ಒದ್ದೆಯಲ್ಲಿ ಕೂತು ಸೂಕ್ಷ್ಮಜೀವಿಗಳು ಯೂರಿಯಾ ಒಡೆದಾಗ ಅಮೋನಿಯಾ ಏಳುತ್ತದೆ. ಅದು ನಿಮ್ಮ ಮೂಗಿಗೆ ಬರುವ ಮೊದಲೇ ನೆಲಕ್ಕೆ ಮೂಗು ಹಚ್ಚಿ ಕೂತ ಮೊಲದ ಶ್ವಾಸಕೋಶಕ್ಕೆ ಹೋಗಿರುತ್ತದೆ. ಇನ್ನೊಂದು, ಒಣಗಿದ ಮೇಲೆ ಸುಣ್ಣ ಬಳಿದಂಥ ಬಿಳಿ ಕಲೆ ಉಳಿಯುತ್ತದಲ್ಲ, ಅದು ನಿಜವಾಗಿ ಸುಣ್ಣದ ಅಂಶವೇ. ಬೇರೆ ಪ್ರಾಣಿಗಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ. ಮೊಲ ತಿಂದದ್ದನ್ನೆಲ್ಲ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ನೀವು ತಬೇಲದ ಹತ್ತಿರ ಸಿಗುವ ಕುದುರೆ ಮಸಾಲೆ ಸೊಪ್ಪು, ಲೂಸರ್ನ್ ಅನ್ನುತ್ತಾರೆ, ದಿನಾ ಹಾಕುತ್ತಿದ್ದರೆ ಕಲೆ ಗಟ್ಟಿಯಾಗಿರುತ್ತದೆ. ಬೆಳೆದ ಮೊಲಕ್ಕೆ ಅದು ಬೇಡ, ಹುಲ್ಲು ಸಾಕು. ಉಚ್ಚೆ ಕೆಲವು ದಿನ ಕಿತ್ತಳೆ, ಇಟ್ಟಿಗೆ ಕೆಂಪು ಬಣ್ಣಕ್ಕೆ ಬಂದರೂ ಗಾಬರಿ ಬೀಳಬೇಡಿ, ಬಹಳ ಸಲ ಅದು ಸೊಪ್ಪಿನ ಬಣ್ಣ. ಉಚ್ಚೆ ಹೊಯ್ಯಲು ತಿಣುಕುತ್ತಿದ್ದರೆ, ನೆತ್ತರು ಬೇರೆಯಾಗಿ ಕಂಡರೆ ಆಗ ವೈದ್ಯರ ಕೆಲಸ.

ಈ ಸುಣ್ಣದ ಕಲೆ ಸೋಪಿಗೆ ಹೋಗದು, ಹುಳಿಗೆ ಹೋಗುತ್ತದೆ. ಬಿಳಿ ವಿನೆಗರ್ ಅರ್ಧ, ನೀರು ಅರ್ಧ, ಹದಿನೈದು ನಿಮಿಷ ನೆನೆಯಲು ಬಿಟ್ಟು ಒರೆಸಿ. ನಿಮ್ಮ ವಿಟ್ರಿಫೈಡ್ ಲಾದಿಗೂ ವಿನೈಲ್‌ಗೂ ಏನೂ ಆಗುವುದಿಲ್ಲ. ಆದರೆ ಪುಣೆಯ ಹಳೇ ಮನೆಗಳಲ್ಲಿರುವವರು ಇದನ್ನು ಓದುತ್ತಿದ್ದರೆ ಇಲ್ಲಿ ನಿಲ್ಲಿ. ಸದಾಶಿವ ಪೇಠೆಯ ಕಡೆ ನಾನು ಬಾಡಿಗೆಗಿದ್ದಾಗ ನೆಲಕ್ಕೆ ಶಹಾಬಾದಿ ಫರಸಿ ಇತ್ತು. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು, ಊರಿನದೇ ನೆಲ ಸಿಕ್ಕಿತು ಎಂದು ಖುಷಿಪಟ್ಟಿದ್ದೆ. ಮೊಲದ ಕಲೆ ತೆಗೆಯಲು ಅದರ ಮೇಲೆ ವಿನೆಗರ್ ಸುರಿದೆ, ಸಣ್ಣಗೆ ನೊರೆ ಬಂತು, ಕಲೆ ಹೋಗುತ್ತಿದೆ ಎಂದುಕೊಂಡೆ. ಹೋಗುತ್ತಿದ್ದದ್ದು ಕಲ್ಲು. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಕಡಪ, ಕೋಟಾ ಕಲ್ಲುಗಳೂ ಅಷ್ಟೇ, ಅಮೃತಶಿಲೆಯೂ ಅಷ್ಟೇ, ಅಮೃತಶಿಲೆಯ ಚೂರು ಹಾಕಿದ ಹಳೇ ಮೊಸಾಯಿಕ್ಕೂ ಅಷ್ಟೇ. ಮೊಲ ಬಿಟ್ಟ ಸುಣ್ಣಕ್ಕೂ ಭೂಮಿ ಬಿಟ್ಟ ಸುಣ್ಣಕ್ಕೂ ಹುಳಿಗೆ ವ್ಯತ್ಯಾಸ ತಿಳಿಯದು. ಮನೆ ಬಿಡುವಾಗ ಡಿಪಾಸಿಟ್ಟಿನಲ್ಲಿ ಹಣ ಕಡಿತವಾಯಿತು, ನ್ಯಾಯವಾಗಿಯೇ. ಅಂಥ ನೆಲದ ಮೇಲೆ ವಿನೈಲ್ ಹಾಕಿಯೇ ತೀರಬೇಕು, ವಿನೆಗರ್ ಕೆಲಸ ಬಚ್ಚಲಲ್ಲಿ ಟ್ರೇ ತೊಳೆಯುವುದಕ್ಕಷ್ಟೇ ಇರಲಿ.

ಫಿನಾಯಿಲ್ ಹಾಕಿ ಒರೆಸಲು ಕೆಲಸದ ಹೆಂಗಸಿಗೆ ಹೇಳಿದ್ದರೆ ಬೇಲಿಯ ಸುತ್ತ ನಿಲ್ಲಿಸಿಬಿಡಿ. ಬ್ಲೀಚಿಂಗ್ ದ್ರವವನ್ನಂತೂ ಉಚ್ಚೆಯ ಮೇಲೆ ಎಂದೂ ಸುರಿಯಬೇಡಿ, ಅಮೋನಿಯಾ ಜತೆ ಸೇರಿ ವಿಷದ ಗಾಳಿ ಏಳುತ್ತದೆ. ವಿನೆಗರ್ ಜತೆಗೂ ಬ್ಲೀಚ್ ಬೇಡ.

ಮಳೆಗಾಲದ ಇನ್ನೊಂದು ಶತ್ರು ನೊಣ. ಒದ್ದೆ ನೆಲದಲ್ಲಿ ಕೂತು ಹಿಂಭಾಗದ ಕೂದಲು ಗಲೀಜಾದರೆ ನೊಣ ಅಲ್ಲಿ ಮೊಟ್ಟೆಯಿಡುತ್ತದೆ, ಒಂದು ದಿನದೊಳಗೆ ಹುಳ ಹೊರಬಂದು ಜೀವಂತ ಚರ್ಮವನ್ನೇ ತಿನ್ನತೊಡಗುತ್ತವೆ. ಕೇಳಲು ಅಸಹ್ಯ, ನೋಡಲು ಇನ್ನೂ. ಜೂನ್‌ನಿಂದ ದಿನಕ್ಕೆ ಎರಡು ಸಲ ಬಾಲದಡಿ ನೋಡುವುದನ್ನು ಮಗಳಿಗೇ ವಹಿಸಿ. ಹುಳ ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಈಗ ಆ ಕೆಂಪಾದ ಕಾಲು. ನೋಡುವಾಗ ಮೊಲವನ್ನು ಅಂಗಾತ ಮಲಗಿಸಬೇಡಿ. ಅಲುಗಾಡದೆ ಮಲಗಿದರೆ ನೆಮ್ಮದಿಯಾಗಿದೆ ಎಂದಲ್ಲ, ಭಯಕ್ಕೆ ಮರಗಟ್ಟಿದೆ ಎಂದು. ಒಬ್ಬರು ಎದೆಗೆ ಒರಗಿಸಿ ಸೊಂಟಕ್ಕೆ ಕೈ ಕೊಟ್ಟು ಹಿಡಿಯಲಿ, ಇನ್ನೊಬ್ಬರು ಹಿಂಗಾಲು ಎತ್ತಿ ನೋಡಲಿ. ತೊಗರಿಬೇಳೆಯಷ್ಟು ಜಾಗದಲ್ಲಿ ಕೂದಲಿಲ್ಲದೆ ಚರ್ಮ ಒಣಗಿ ದಪ್ಪವಾಗಿದ್ದರೆ ಚಿಂತೆಯಿಲ್ಲ, ಎಷ್ಟೋ ಆರೋಗ್ಯವಂತ ಮೊಲಗಳಿಗೂ ಇರುತ್ತದೆ. ಕೆಂಪು ಹರಡುತ್ತಿದ್ದರೆ, ಹಕ್ಕಳೆ ಕಟ್ಟಿದ್ದರೆ, ಊದಿದ್ದರೆ, ಕಾಲು ಊರಲು ಹಿಂಜರಿದರೆ ಮೊಲ ನೋಡಿ ಅಭ್ಯಾಸವಿರುವ ವೈದ್ಯರಲ್ಲಿಗೆ ಹೋಗಿ. ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಗುಳಿಗೆಯನ್ನು ಅರ್ಧ, ಕಾಲು ಎಂದು ಅರೆದು ಕುಡಿಸಬೇಡಿ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಜೀವಾಣುಗಳೇ ಸತ್ತು, ಕಾಲು ವಾಸಿಯಾಗುವ ಮೊದಲೇ ಮೊಲ ಹೋಗಿಬಿಡುತ್ತದೆ. ಮುಲಾಮೂ ಕೇಳದೆ ಬೇಡ, ಹಚ್ಚಿದ ನಿಮಿಷಕ್ಕೇ ನೆಕ್ಕುತ್ತದೆ. ಉಗುರು ಉದ್ದವಾಗಿದ್ದರೆ ತುದಿ ಕತ್ತರಿಸಿ, ತಿಂಗಳಿಗೊಮ್ಮೆಯಾದರೂ ನೋಡಿ. ಉದ್ದ ಉಗುರು ಬೆರಳನ್ನು ಮೇಲೆತ್ತಿ ಭಾರವನ್ನು ಮತ್ತೆ ಹಿಮ್ಮಡಿಗೇ ತಳ್ಳುತ್ತದೆ. ದಪ್ಪ ಮೊಲಕ್ಕೆ ತೂಕ ಇಳಿಸದೆ ಯಾವ ಹಾಸೂ ಸಾಲದು. ಬಿಸ್ಕತ್ತು, ಚಪಾತಿ ಕೊಡುತ್ತಿದ್ದರೆ ನಿಲ್ಲಿಸಿ. ಇದು ಅತ್ತೆಯವರಿಗೆ ಎಂದು ಬೇರೆ ಹೇಳಬೇಕಿಲ್ಲ ತಾನೆ.

ಜಾಗದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎರಡು ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲ ಬೇಕೆಂದು ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆ ಹೇಳುತ್ತದೆ. ಡೊಂಬಿವಲಿಯ ಹಾಲ್‌ನಲ್ಲಿ ಅಷ್ಟು ಬಿಟ್ಟರೆ ನೀವು ಮೆಟ್ಟಿಲ ಮೇಲೆ ಕೂರಬೇಕಾದೀತು. ಅದಕ್ಕೆ ಬೆಳಿಗ್ಗೆ ಡಬ್ಬ ಕಟ್ಟುವ ಹೊತ್ತಿಗೂ ಸಂಜೆಗೂ ಬೇಲಿ ತೆರೆದುಬಿಡಿ. ಹೊರಗೆ ಬಂದ ತಕ್ಷಣ ಮತ್ತೆ ಜಾರು ಲಾದಿಯೇ ಆದ್ದರಿಂದ, ಬೇಲಿಯ ಬಾಯಿಂದ ಸೋಫಾದವರೆಗೆ ಒಂದು ಉದ್ದ ಜಮಖಾನೆ ಹಾಸಿ. ಅವು ರಸ್ತೆ ಹಿಡಿದ ಹಾಗೆ ಅದರ ಮೇಲೆಯೇ ಓಡುತ್ತವೆ, ಬೇಕಾದರೆ ನೋಡಿ.

ಹೊಸ ಬೇಲಿಗೆ ಬಿಡುವ ದಿನ ಎಲ್ಲವನ್ನೂ ಒಗೆದು ಘಮಘಮ ಮಾಡಬೇಡಿ. ಈಗ ಪಂಜರದಲ್ಲಿ ಹಾಸುವ ಟವೆಲ್‌ಗಳಲ್ಲಿ ಒಂದನ್ನು ಹಾಗೇ ಮಲಗುವ ಮೂಲೆಯಲ್ಲಿಡಿ, ಉಚ್ಚೆ ನೆನೆದ ಪೇಪರಿನ ಒಂದು ಚೂರು ಹೊಸ ಟ್ರೇಯಲ್ಲಿಡಿ. ತಮ್ಮ ವಾಸನೆ ಸಿಕ್ಕರೆ ಟ್ರೇ ಯಾವುದು, ಹಾಸಿಗೆ ಯಾವುದು ಎಂದು ಎರಡು ದಿನದಲ್ಲಿ ತಾವೇ ವಿಂಗಡಿಸಿಕೊಳ್ಳುತ್ತವೆ. ಮೂರು ವಾರ ಬಿಟ್ಟು ಹಿಮ್ಮಡಿಯನ್ನು ಮತ್ತೆ ನೋಡಿ. ಕೆಂಪು ಇಳಿದು ಸಣ್ಣ ಸಣ್ಣ ಕೂದಲು ಮೂಡುತ್ತಿರಬೇಕು. ಮೂಡದಿದ್ದರೆ ಇನ್ನೊಂದು ಟವೆಲ್ ಸೇರಿಸುತ್ತಾ ಕೂರಬೇಡಿ, ವೈದ್ಯರಲ್ಲಿಗೆ ಹೊರಡಿ. ಗೋಣಿಚೀಲವನ್ನು ಬಾಗಿಲ ಹೊರಗೆ ಕಾಲೊರಸಿಗೆ ಹಾಕಿ, ಅತ್ತೆಯವರ ಮಾತೂ ಉಳಿಯುತ್ತದೆ.